ಎರಡಿಂಚಿನ ದೂರ

"ನಿನ್ನ ಡ್ರಾಯಿಂಗೇ ತಪ್ಪು," ಎಂದ ಕಾಸಿಂ. ಅದೂ ರಜೆಯ ಶುಕ್ರವಾರ ಬೆಳಗ್ಗೆ, ಚಾಯ ಕುಡಿಯುವ ಮೊದಲೇ!

ಮಸೂದಾಳಿಗೆ ಮೈಯೆಲ್ಲ ಉರಿದುಹೋಯಿತು. ಮಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದ್ದು ಅವಳು. ಈ ಅರಬ್ ಊರಿನ ಒಲಾಯಾ ಪೇಟೆಯ ರೇಡಿಯೋ ವರ್ಕ್‌ಶಾಪಿನಲ್ಲಿ ಕೆಲಸ ಮಾತ್ರ ಗಂಡ ಕಾಸಿಮನಿಗೆ. ಟ್ರಕ್ಕಿನ ಇಪ್ಪತ್ನಾಲ್ಕು ವೋಲ್ಟನ್ನು ಹನ್ನೆರಡಕ್ಕಿಳಿಸಿ ವೈರ್‌ಲೆಸ್ ಸೆಟ್ಟಿಗೆ ಕೊಡುವ ಅಂಗೈಯಗಲದ ಬೋರ್ಡು ಅದು. ಮಲಾಜ್ ಬಡಾವಣೆಯ ಈ ಎರಡು ಕೋಣೆಯ ಮನೆಯಲ್ಲಿ ಕೂತು, ಹಾಳೆಯ ಮೇಲೆ ಕರೆಂಟ್ ಹರಿಯುವ ಗೆರೆಗಳಿಗೆ ಕಪ್ಪು ಟೇಪು ಅಂಟಿಸಿ ಅಂಟಿಸಿ, ಹತ್ತು ದಿನ ಕಣ್ಣು ನೋಯಿಸಿಕೊಂಡು ಅದರ ನಕ್ಷೆ ಮಾಡಿಕೊಟ್ಟಿದ್ದಳು.

ಕಾಸಿಂ ಆ ನಕ್ಷೆಯಿಂದ ತಾನು ಮಾಡಿದ ಬೋರ್ಡಿಗೆ ಬ್ಯಾಟರಿ ಕೊಟ್ಟು ಪಕ್ಕದಲ್ಲಿ ರೇಡಿಯೋ ಹಿಡಿದ. ಅದು ಹಾವಿನ ಹಾಗೆ ಬುಸುಗುಟ್ಟಿತು.

ಅವಳು ಬೋರ್ಡು ಕಿತ್ತುಕೊಂಡು ನೋಡಿದಳು. "ಕರೆಂಟಿನ ಏರಿಳಿತ ನುಂಗಬೇಕಾದ ಈ ಕೆಪಾಸಿಟರನ್ನು ಟ್ರಾನ್ಸಿಸ್ಟರಿನಿಂದ ಇಷ್ಟು ದೂರ ತಂದದ್ದು ಯಾರು?"

ಕಾಸಿಮನ ಕಿವಿ ಕೆಂಪಾಯಿತು. ಹೆಣ್ಣು ನೋಡಲು ಬಂದ ದಿನವೂ ಹೀಗೇ ಕೆಂಪಾಗಿತ್ತು. ಆ ಕಿವಿ ನೋಡಿಯೇ ಅವಳು ಒಪ್ಪಿದ್ದು. ಈಗ ಅದನ್ನೇ ಹಿಂಡಿಬಿಡಬೇಕೆನಿಸಿತು.

"ಇಕ್ಕಟ್ಟಾಗಿತ್ತು. ಸಾಲಾಗಿ ಇಟ್ಟರೆ ಚಂದ ಅಂತ…"

"ಇದೆಂತ, ಮದುವೆ ಫೋಟೋವಾ ಸಾಲಾಗಿ ನಿಲ್ಲಿಸಲಿಕ್ಕೆ? ಮತ್ತೆ ಕರೆಂಟ್ ವಾಪಸು ಹೋಗುವ ಈ ಗ್ರೌಂಡ್? ಕಂಟ್ರೋಲ್ ಚಿಪ್ಪಿಗೆ ನಾನು ಬೇರೆ ದಾರಿ ಕೊಟ್ಟಿದ್ದೆ."

"ಎಲ್ಲಿ ಸೇರಿಸಿದರೂ ಗ್ರೌಂಡ್ ಗ್ರೌಂಡೇ ಅಲ್ವಾ ಮಾರಾಯ್ತಿ?"

"ಅಲ್ಲ! ದೊಡ್ಡ ಕರೆಂಟ್ ದಡದಡ ಓಡುವ ದಾರಿಯಲ್ಲೇ ಪಾಪದ ಚಿಪ್ಪನ್ನು ನಿಲ್ಲಿಸಿದರೆ ಅದು ನಡುಗದೆ ಎಂತ ಮಾಡ್ತದೆ?"

ಅವನು ತಲೆ ತಗ್ಗಿಸಿದ. "ನಾಳೆ ಟೆಸ್ಟಿನಲ್ಲಿ ಇದು ಪಾಸಾಗದಿದ್ದರೆ ಮ್ಯಾನೇಜರ್ ನನ್ನನ್ನು ದೂರದ ತಬೂಕಿಗೆ ಹಾಕ್ತಾನೆ. ಅಲ್ಲಿ ಕ್ಯಾಂಪ್. ಫ್ಯಾಮಿಲಿಗೆ ಜಾಗ ಇಲ್ಲ. ನೀನು ವಾಪಸ್ ಊರಿಗೆ, ಪುತ್ತೂರಿಗೆ…"

"ಅವನು ಯಾವಾಗ ಹೇಳಿದ್ದು?"

"ಕಳೆದ ಶನಿವಾರ."

ಆರು ದಿನ ಬಾಯಿ ಬಿಟ್ಟಿರಲಿಲ್ಲ, ಮಹಾರಾಯ! ಮದುವೆಯಾಗಿ ಮೂರು ವರ್ಷ, ಅದರಲ್ಲಿ ಒಟ್ಟಿಗಿದ್ದದ್ದು ನಾಲ್ಕೇ ತಿಂಗಳು.

"ಎಲ್ಲಿದ್ದರೂ ನೀನು ನನ್ನ ಹೆಂಡತಿಯೇ ತಾನೆ," ಎಂದು ಅವನು ಸಮಾಧಾನ ಹೇಳಲು ಹೊರಟ. ಎಲ್ಲಿದ್ದರೂ ಒಂದೇ ಎನ್ನುವ ಗ್ರೌಂಡಿನ ತಪ್ಪೇ, ಎರಡನೇ ಸಲ.

ಅವಳು ಸೋಲ್ಡರಿಂಗ್ ಕಡ್ಡಿ ಬಿಸಿಗಿಟ್ಟಳು. ಕೆಪಾಸಿಟರನ್ನು ಕಿತ್ತು, ಅದರ ಕಾಲು ಗಿಡ್ಡ ಮಾಡಿ, ಟ್ರಾನ್ಸಿಸ್ಟರು ಡಯೋಡುಗಳ ಮಗ್ಗುಲಲ್ಲೇ ಬೆಸೆದಳು. ಬ್ಲೇಡಿನಿಂದ ತಾಮ್ರದ ಗೆರೆ ಕೆರೆದು, ಚಿಪ್ಪಿನಿಂದ ಬೇರೊಂದು ತಂತಿ ತಂದು ಗ್ರೌಂಡುಗಳನ್ನೆಲ್ಲ ಒಂದೇ ಚುಕ್ಕೆಯಲ್ಲಿ ಸೇರಿಸಿದಳು. ಬ್ಯಾಟರಿ ಕೊಟ್ಟಾಗ ಬುಸುಗುಟ್ಟಲಿಲ್ಲ. ರೇಡಿಯೋದಲ್ಲಿ ಯಾರೋ ಅರಬ್ಬಿಯಲ್ಲಿ ವಾರ್ತೆ ಓದುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು.

"ಎರಡಿಂಚು ದೂರ ಇಟ್ಟದ್ದಕ್ಕೆ ಅದು ಅಷ್ಟು ಕಿರುಚಿತು," ಎಂದಳು. "ನನ್ನನ್ನು ಪುತ್ತೂರಿನಲ್ಲಿ ಇಡ್ತೀರಾ?"

ಕಾಸಿಂ ಆ ಪುಟ್ಟ ಕೆಪಾಸಿಟರನ್ನೇ ನೋಡಿದ.

"ಇಡುವುದಿಲ್ಲ. ನಕ್ಷೆ ನಿನ್ನದು, ಕೆಡಿಸಿದ್ದು ನಾನು ಅಂತ ನಾಳೆ ಮ್ಯಾನೇಜರಿಗೆ ಹೇಳ್ತೇನೆ. ನೀನಿಲ್ಲದೆ ನನಗೆ ಆಗುವುದಿಲ್ಲ ಮಸೂದಾ. ನೀನು ಊರಲ್ಲಿದ್ದಾಗ ಇದನ್ನು ಕಾಗದದಲ್ಲಿ ಬರೆಯಲಿಕ್ಕೆ ನಾಚಿಕೆಯಾಗ್ತಿತ್ತು."

ಕಿವಿ ಮತ್ತೆ ಕೆಂಪು.

"ನನ್ನ ಸಿಟ್ಟು ಇಳಿದಿಲ್ಲ," ಎಂದಳು.

"ಗೊತ್ತು," ಎಂದು ಅವನು ಮೆಲ್ಲಗೆ ಏಳಹೋದ.

ಅವಳು ಅಂಗಿಯ ತೋಳು ಹಿಡಿದು ಎಳೆದಳು. "ಎಲ್ಲಿಗೆ? ಇಳಿಯುವವರೆಗೆ ಹತ್ತಿರವೇ ಕೂತಿರಿ."