ಶಿವವ್ವ ಕೇಳಿದ ಅರ್ಥ

ಗುರುಸಿದ್ದ ಬಂದಾಗ ಇಳಿಹೊತ್ತು. ಮಧ್ಯಾಹ್ನದಿಂದ ಬಾಗಿಲನ್ನೇ ಕಾಯುತ್ತಿದ್ದ ವಂದನಾ, ಅವನು ಒಳಗೆ ಬಂದ ಮೇಲೆ ಮಾತ್ರ ಕತ್ತೆತ್ತಲಿಲ್ಲ. ಅಷ್ಟು ಬಿಂಕ ಬೇಡ ಎಂದರೆ ಕೇಳುವ ಹುಡುಗಿಯಲ್ಲ ಅವಳು.

ಇಬ್ಬರೂ ಜಮಖಂಡಿಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾರೆ. ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಆಟದ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡಲೆಂದು ಪ್ರತಿ ಭಾನುವಾರ ಬನಹಟ್ಟಿಯ ಅವಳ ಮನೆಯಲ್ಲಿ ಆಡುತ್ತಿದ್ದರು. ಸ್ಪರ್ಧೆ ಮುಗಿದು ಎಷ್ಟೋ ತಿಂಗಳಾಯಿತು. ತಯಾರಿ ಮಾತ್ರ ನಿಂತಿರಲಿಲ್ಲ.

ಇವತ್ತು ಆಟದ ಮೇಲೆ ಯಾರಿಗೆ ಮನಸ್ಸು? ಮುಧೋಳದಿಂದ ಸಂಬಂಧ ಬಂದಿತ್ತು. ದೀಪ ಹಚ್ಚುವುದರೊಳಗೆ ಉತ್ತರ ಹೇಳುತ್ತೇನೆಂದು ಅಪ್ಪ ಶಂಕರೆಪ್ಪ ಮಾತು ಕೊಟ್ಟಿದ್ದ. ನಿನ್ನೆಯೇ ಅವಳು ಗುರುಸಿದ್ದನಿಗೆ ಫೋನ್ ಮಾಡಿ ಹೇಳಿದಾಗ, "ನಾಳಿ ಬರ್ತೀನಿ, ಚಾವ್" ಎಂದು ಇಟ್ಟುಬಿಟ್ಟಿದ್ದ. ಯಾವಾಗಲೂ ಅದೇ ಇಟಲಿಯ ಚಾವ್. ಬಂದರೂ ಚಾವ್, ಹೋದರೂ ಚಾವ್. ಅವಳಿಗೆ ಮೈಯೆಲ್ಲ ಉರಿದಿತ್ತು.

ಕರೆಂಟು ಹೋಗಿ ಮನೆಯ ಮಗ್ಗಗಳು ನಿಂತಿದ್ದವು. ಸದ್ದಿದ್ದರೆ ಏನಾದರೂ ಪಿಸುಗುಟ್ಟಬಹುದಿತ್ತು. ಎದುರಿಗೆ ಅಪ್ಪ, ಅವನ ತೊಡೆಯ ಮೇಲೆ ಫೋನು. ಪಕ್ಕದಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಅವ್ವ ಶಿವವ್ವ.

ಗುರುಸಿದ್ದ ಬಿಲ್ಲೆಗಳನ್ನು ತಿರುವಿ ತಿರುವಿ ನೋಡಿದ. ಕೊನೆಗೆ ನಾಲ್ಕು ಇಟ್ಟ. ಸಿ, ಐ, ಎ, ಓ. ಅದೇ ಚಾವ್.

"ಇದು ಇಂಗ್ಲಿಷ್ ಅಲ್ರಿ," ಎಂದಳು ವಂದನಾ.

"ಡಿಕ್ಷನರಿಯೊಳಗ ಐತಿ. ಆಟಕ್ಕ ನಡೀತೈತಿ."

"ಅರ್ಥ ಹೇಳ್ರಿ ಮಾಸ್ತರ," ಎಂದಳು ಶಿವವ್ವ. ಅವಳೆದುರು ಆಡಿದರೆ ಅವಳಿಗೂ ತಿಳಿಯಬೇಕು. ಕನ್ನಡದಲ್ಲಿ ಅರ್ಥ ಹೇಳದ ಪದಕ್ಕೆ ಆ ಮನೆಯಲ್ಲಿ ಅಂಕವಿಲ್ಲ.

"ಹೋಗಿ ಬರ್ತೀನಿ ಅಂತರಿ."

ವಂದನಾ ಆ ಬಿಲ್ಲೆಗಳ ಮೇಲೆ ಕೈಯಿಟ್ಟಳು. ಇಷ್ಟೇ ಹೇಳಲು ಬಂದನೇ ಇವನು? "ಅದು ಈಗಿನ ಅರ್ಥ," ಎಂದಳು. "ಮೊದಲ ಏನಿತ್ತು, ಅದನ್ನ ಹೇಳ್ರಿ. ಗೊತ್ತೈತಿಲ್ಲ ನಿಮಗ?"

ಮೊದಲ ಸಲ ಅವನು ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಆಮೇಲೆ ಶಂಕರೆಪ್ಪನ ಕಡೆ ತಿರುಗಿದ.

"ವೆನಿಸ್ ಕಡಿ ಮಂದಿ 'ನಾ ನಿಮ್ಮ ಆಳು' ಅಂತ ಕೈ ಮುಗೀತಿದ್ರಂತರಿ. ಆಡಿ ಆಡಿ ಸವದು ಇಷ್ಟ ಉಳೀತು. ನಾ ಇಷ್ಟು ದಿನ ಇವರಿಗೆ ಅದನ್ನ ಹೇಳಾಕತ್ತಿದ್ನಿ. ಇವತ್ತ ನಿಮಗ ಹೇಳಾಕ ಬಂದೇನಿ. ವಂದನಾನ ನನಗ ಕೊಡ್ರಿ."

ಶಿವವ್ವನ ಕೈಯ ನೂಲು ನಿಂತಿತು.

"ಹೆಣ್ಣು ಕೇಳಾಕ ಹಿರ್ಯಾರು ಬರ್ತಾರ," ಎಂದ ಶಂಕರೆಪ್ಪ. ದನಿ ಏರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. "ನಿಮ್ಮಪ್ಪ ಎಲ್ಲಿ?"

"ಬೆಳಿಗ್ಗಿ ನಮ್ಮೂರು ಬಾಡಗಂಡಿಗೆ ಹೋಗಿ ಅಪ್ಪನ್ನ ಕೇಳಿದ್ನಿರಿ. ಕಬ್ಬಿನ ಹೊಲದವರು ನೇಕಾರರ ಪಡಸಾಲ್ಯಾಗ ಹೋಗಿ ಕೂಡೂದಿಲ್ಲ, ನೀ ಬೇಕಾದ್ರ ಹೋಗು ಅಂದ್ರು."

"ಕಾಕಾ, ಮಾಮಾ?"

"ಎಲ್ಲಾರೂ ಅಪ್ಪಗ ಅಂಜತಾರ್ರಿ."

ವಂದನಾಳ ಸಿಟ್ಟು ಎಲ್ಲಿ ಹೋಯಿತೋ. ಈ ಮಾತು ಕೇಳಿಸಿಕೊಂಡೂ ಇಲ್ಲಿಗೆ ಬಂದನಲ್ಲ ಎಂದು ಅವಳಿಗೆ ಅಳು ಬಂತು.

"ನೀ ಛಲೋ ಹುಡುಗ ಅದೀಯಪಾ," ಎಂದ ಶಂಕರೆಪ್ಪ, ಫೋನು ಕೈಗೆತ್ತಿಕೊಳ್ಳುತ್ತ. "ಖರೆ, ನಾಳಿ ಓಣ್ಯಾಗ ಕೇಳ್ತಾರ. ಹುಡುಗನ ಕಡಿಂದ ಯಾರ್ ಬಂದಿದ್ರು ಅಂತ. ಏನ್ ಹೇಳ್ಲಿ?"

ಅವನು ಮುಧೋಳದ ನಂಬರು ಹುಡುಕತೊಡಗಿದ. ವಂದನಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಶಿವವ್ವ ಎದ್ದಳು. ಸೀರೆಗೆ ಹತ್ತಿದ್ದ ನೂಲಿನ ಎಳೆ ಕೊಡವಿ, ತಲೆಯ ಮೇಲೆ ಸೆರಗು ಹೊದ್ದು, ಬಿಲ್ಲೆಗಳನ್ನು ದಾಟಿ ಬಂದು ಗುರುಸಿದ್ದನ ಪಕ್ಕ ಕುಳಿತಳು.

"ಹುಡುಗನ ಕಡಿ ಹಿರ್ಯಾಕಿ ನಾ ಬಂದೇನಿ," ಎಂದಳು. "ಹೆಣ್ಣು ಕೇಳಾಕತ್ತೇವಿ. ಏನಂತೀರಿ, ಶಂಕರೆಪ್ಪನವರ?"

ಮದುವೆಯಾದಾಗಿನಿಂದ ಆ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ. ಆ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಗಂಡಿನ ಕಡೆಯ ಬೀಗತಿಯಾದವಳು ಹೇಳಬಹುದು.

ಶಂಕರೆಪ್ಪ ಫೋನು ಕೆಳಗಿಟ್ಟು ಹೆಂಡತಿಯ ಕಡೆ ತಿರುಗಿದ.

"ನಮ್ಮ ಹುಡುಗಿಗೆ ಸಿಟ್ಟು ಭಾಳ ಐತ್ರಿ, ಬೀಗತಿ," ಎಂದ.

"ಅವರವ್ವನ ಮ್ಯಾಲ ಹೋಗಿರಬೇಕ್ರಿ. ನಡೀತೈತಿ."

"ಹಂಗಾದ್ರ ಹುಡುಗೀನ ಒಂದ್ ಮಾತು ಕೇಳ್ರಿ."

"ನನಗ ಒಪ್ಪಿಗಿ ಐತಿ," ಎಂದಳು ವಂದನಾ. ಮತ್ತೊಮ್ಮೆ ಹೇಳಿದಳು. ಗುರುಸಿದ್ದ ಮುಖ ಮುಚ್ಚಿಕೊಂಡ. ಅಳುತ್ತಿದ್ದನೋ ನಗುತ್ತಿದ್ದನೋ, ಅವನಿಗೇ ಗೊತ್ತಿರಲಿಕ್ಕಿಲ್ಲ.

ಶಂಕರೆಪ್ಪ ಮುಧೋಳಕ್ಕೆ ಫೋನು ಹಚ್ಚಿದ.

"ತಪ್ಪ ತಿಳೀಬ್ಯಾಡ್ರಿ," ಎಂದ. "ಈಗಷ್ಟ ಬಂದು ಕೇಳಿದ್ರು, ಆತು ಅಂದ್ನಿ. ಇಲ್ಲ ಅನ್ನಾಕ ಆಗಲಿಲ್ಲರಿ. ಭಾಳ ದೊಡ್ಡ ಹಿರ್ಯಾರು ಬಂದಿದ್ರು."