ರೇಡಿಯೇಟರ್ ಮೇಲಿನ ಕಾನೂನು

ಎರಡೂ ಕಿವಿ ಹಿಡಿದು ಹೇಳುತ್ತೇನೆ, ಇದು ನಡೆದದ್ದೇ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ಒಂದು ಶಾಲೆ, ಇಯರ್ ಫೈವ್ ಕ್ಲಾಸು, ಮಂಗಳವಾರ.

“ನೀನೇ ಒಡೆದಿದ್ದು!” ಬೃಂದಾ ಚಿರಾಗ್‌ನತ್ತ ಬೆರಳು ತೋರಿಸಿ ಕೂಗಿದಳು. ತಲೆ ಮೇಲಿನ ರಟ್ಟಿನ ಕಿರೀಟ ವಾಲಿತು.

ಆ ವಾರ ಕ್ಲಾಸೇ ಮೆಸೊಪಟೇಮಿಯಾದ ಒಂದು ಪಟ್ಟಣ. ಚೀಟಿ ಎತ್ತಿದಾಗ ಬೃಂದಾ ರಾಜನಾದಳು. ಜನ ಕಚ್ಚಾಡದಿರಲಿ ಅಂತ ಆಗಿನ ರಾಜರು ಕಾನೂನು ಬರೆಸಿ ಎಲ್ಲರಿಗೂ ಕಾಣುವಂತೆ ಇಡುತ್ತಿದ್ದರು ಎಂದು ಮಿಸ್ ಪಾರ್ಕರ್ ಹೇಳಿದ್ದೇ ತಡ, ಬೃಂದಾ ಅಂಗೈ ಅಗಲದ ಮೂರು ಜೇಡಿಮಣ್ಣಿನ ಬಿಲ್ಲೆಗಳ ಮೇಲೆ ಮೂರು ಕಾನೂನು ಬರೆದಳು. ಮೊದಲನೆಯದು: ಬೇರೆಯವರ ವಸ್ತು ಒಡೆದವರಿಗೆ ಈ ವಾರ ಪ್ಲೇಟೈಮ್ ಇಲ್ಲ.

ಈಗ ಆ ಬಿಲ್ಲೆಯೇ, ಕ್ಲಾಸು ಬೆಚ್ಚಗಿಡುವ ರೇಡಿಯೇಟರ್ ಮೇಲೆ, ಎರಡು ಹೋಳು!

“ನಾನು ಮುಟ್ಟೇ ಇಲ್ಲ ಮಿಸ್! ಗ್ಲೌಸ್ ಒಣಗಿಸೋಕೆ ಹೋಗಿದ್ದೆ ಅಷ್ಟೇ.” ಎಂದ ಚಿರಾಗ್. ಶುಕ್ರವಾರ ಪ್ಲೇಟೈಮಿನಲ್ಲಿ ಫುಟ್‌ಬಾಲ್ ಫೈನಲ್. ಒಂದು ಟೀಮಿಗೆ ಅವನು ಗೋಲ್‌ಕೀಪರ್, ಇನ್ನೊಂದಕ್ಕೆ ಬೃಂದಾ ಕ್ಯಾಪ್ಟನ್.

“ಗೋಲ್‌ಕೀಪರ್‌ನ ಕೂರಿಸಿ ಗೆಲ್ಲೋ ಪ್ಲಾನಾ, ಯುವರ್ ಮೆಜೆಸ್ಟಿ?” ಎಂದಳು ಮಹ್ನೂರ್. ಕಾನೂನು ಓದಿ ಹೇಳುವ ಕೆಲಸ ಅವಳದು.

“ಅಲ್ಲಿಗೆ ಹೋಗಿದ್ದು ಅವನೊಬ್ಬನೇ. ರಾಜ ಹೇಳಿದ್ಮೇಲೆ ಮುಗೀತು!”

ಚಿರಾಗ್ ತಲೆ ತಗ್ಗಿಸಿದ.

ಟಪ್!

ರೇಡಿಯೇಟರ್ ಮೇಲಿದ್ದ ಎರಡನೇ ಬಿಲ್ಲೆ ಎಲ್ಲರ ಕಣ್ಣೆದುರೇ ಸೀಳಿತು. ಆ ಸದ್ದಿಗೆ ಮೂರು ಬೀದಿ ಆಚೆ ಬಸ್ಸು ಬ್ರೇಕ್ ಹಾಕಿತು ಅಂದರೆ ನೋಡಿ! ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ.

“ಬಿಸಿಗೆ ಒಡೀತು,” ಎಂದರು ಮಿಸ್. “ಹಸಿಮಣ್ಣನ್ನ ಅಲ್ಲಿಟ್ಟಿದ್ದು ಯಾರು?”

ಬೃಂದಾಳ ಕೆನ್ನೆ ಕಾವೇರಿತು. ಮನೆಯಲ್ಲಿ ಅಮ್ಮ ಸಂಡಿಗೆ ಒಣಗಿಸುವುದು ರೇಡಿಯೇಟರ್ ಮೇಲೆಯೇ. “ಈ ಊರಲ್ಲಿ ಇದೇ ನಮ್ಮ ಬಿಸಿಲು ಕಣೇ,” ಅನ್ನುತ್ತಾಳೆ. ಸಂಡಿಗೆ ಒಣಗುವ ಕಡೆ ಮಣ್ಣು ಒಣಗುವುದಿಲ್ಲವೇ ಅಂದುಕೊಂಡಿದ್ದಳು ಬೃಂದಾ.

“ನಾನೇ, ಮಿಸ್.”

ಮಹ್ನೂರ್ ಮೇಜಿನ ಮೇಲಿದ್ದ ಮೂರನೇ ಬಿಲ್ಲೆ ಎತ್ತಿಕೊಂಡು ಓದಿದಳು. “ಸುಮ್ಮಸುಮ್ಮನೆ ತಪ್ಪು ಹೊರಿಸಿದವರಿಗೆ ಅದೇ ಶಿಕ್ಷೆ.” ಆಮೇಲೆ ಕೇಳಿದಳು, “ರಾಜನಿಗೂನಾ?”

ಆ ಬಿಲ್ಲೆ ಇನ್ನೂ ಹಸಿ. ಹೆಬ್ಬೆರಳಿನಿಂದ ಒಮ್ಮೆ ಒರೆಸಿದರೆ ಅಕ್ಷರವೇ ಇರುವುದಿಲ್ಲ. ಬೃಂದಾ ಬಿಲ್ಲೆ ಇಸಿದುಕೊಂಡು ಹೆಬ್ಬೆರಳು ಮುಂದೆ ಚಾಚಿದಳು. ಚಿರಾಗ್ ಆ ಬೆರಳನ್ನೇ ನೋಡುತ್ತಿದ್ದ.

ಅವಳು ಬೆರಳು ಮಡಚಿದಳು. ಬಿಲ್ಲೆಯನ್ನು ರೇಡಿಯೇಟರಿನಿಂದ ದೂರ, ಪುಸ್ತಕದ ಶೆಲ್ಫ್ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟಳು.

“ಸಾರಿ, ಚಿರಾಗ್.”

ಶುಕ್ರವಾರ ಬೆಂಚಿನ ಮೇಲೆ ಕೂತಿದ್ದಳು. ಅವಳದೇ ಟೀಮಿನ ಗೋಲನ್ನು ಚಿರಾಗ್ ಹಾರಿ ತಡೆದ. ಅವಳ ಕೈ ತಾನಾಗಿ ಚಪ್ಪಾಳೆ ತಟ್ಟಿತು.

ಏನು, ಸುಳ್ಳು ಅಂತೀರಾ? ಸಾಬೀತು ಮಾಡಿ. ಆಗದಿದ್ದರೆ ಮೂರನೇ ಕಾನೂನು ನೆನಪಿದೆಯಲ್ಲ! ತಪ್ಪು ಹೊರಿಸಿದ್ದಕ್ಕೆ ನಿಮ್ಮ ಮನೆಯ ಸಂಡಿಗೆ ಕರಿದು, ಒಂದು ಡಬ್ಬಿ ತುಂಬಾ ಇತ್ತ ತನ್ನಿ.