ಪ್ರಶ್ನೆ ಕೇಳುವವನ ಪಾಳಿ

"ಒಂದ್ನಿಮಿಷ... ಈ ಯೋಬ ಅಂದ್ರೆ ಯಾರು?"

ಕೋಣೆಯಲ್ಲಿದ್ದವರೆಲ್ಲ ಪುಸ್ತಕದಿಂದ ತಲೆಯೆತ್ತಿದರು.

ಅವತ್ತೇ ಮೊದಲ ಸಲ ಬಂದಿದ್ದ ಅವಳು ಬೆಚ್ಚಿದಳು. ನಾಲಿಗೆಯ ತುದಿಗೆ ಬಂದಿದ್ದನ್ನು ಆಗಷ್ಟೇ ನುಂಗಿಕೊಂಡಿದ್ದಳು. ಅದೇ ಪ್ರಶ್ನೆಯನ್ನು ಪಕ್ಕದ ಕುರ್ಚಿಯವನು ಗಟ್ಟಿಯಾಗಿ ಕೇಳಿಬಿಟ್ಟಿದ್ದ!

ಈಗ ನಗ್ತಾರೆ... ಅವಳು ಉಸಿರು ಬಿಗಿಹಿಡಿದಳು.

ಯಾರೂ ನಗಲಿಲ್ಲ. ಬೈಬಲ್ ಓದುವ ಆ ಗುಂಪನ್ನು ನಡೆಸುತ್ತಿದ್ದ ನಿವೃತ್ತ ಟೀಚರಮ್ಮ ನಿಧಾನವಾಗಿ ಹೇಳಿದರು. "ಆಸ್ತಿ, ಮಕ್ಕಳು, ಆರೋಗ್ಯ ಎಲ್ಲಾ ಕಳ್ಕೊಂಡ ಒಬ್ಬ ಒಳ್ಳೇ ಮನುಷ್ಯ. ನಾವು ಈಗ ಓದ್ತಿರೋದು ಅವನ ಕಥೆನೇ."

"ಅದು ಎಷ್ಟನೇ ಪುಟ?"

ಅವಳು ತಿರುಗಿ ನೋಡಿದಳು. ಅಗಲವಾದ ಅಂಗೈ, ಎಷ್ಟು ತೊಳೆದರೂ ಉಗುರಂಚಿನಲ್ಲಿ ಉಳಿದ ಪೈಪಿನ ತುಕ್ಕು. ಪ್ಲಂಬರ್ ಅಂತೆ. ಸಂಕೋಚ ಹತ್ತಿರಕ್ಕೂ ಸುಳಿಯದ ಮುಖ. ಅವನೂ ಅವಳತ್ತ ನೋಡಿ ನಕ್ಕ.

ಅಬ್ಬಾ... ನನ್ನಂಥ ಇನ್ನೊಬ್ಬ ಇದ್ದಾನೆ!

ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಮನೆಯಲ್ಲಿ ಅಜ್ಜಿಯ ಕಣ್ಣುಗಳು ಮಾತ್ರ ಯಾವ ಗಾಜಿಗೂ ಬಗ್ಗದಷ್ಟು ಮಂಜಾಗಿದ್ದವು. "ಊರಿಗೆಲ್ಲ ಕಣ್ಣು ಕೊಡ್ತೀಯ, ನನಗೆ ದಿನಾ ಬೈಬಲಿನ ಒಂದು ಪುಟ ಓದಿ ಹೇಳೋಕಾಗಲ್ವೇನೇ?" ಎಂದು ಅಜ್ಜಿ ಕೇಳಿದ್ದಳು. ಇವಳು ಓದತೊಡಗಿದಳು. ಆದರೆ ಅಜ್ಜಿ ಸುಮ್ಮನೆ ಕೇಳಿಸಿಕೊಳ್ಳುವ ಜಾತಿಯಲ್ಲ. "ಅವನು ಹಾಗ್ಯಾಕೆ ಮಾಡ್ದ? ಅವಳು ಯಾಕೆ ಸುಮ್ನಿದ್ಲು?"

ಯಾರಿಗೆ ಗೊತ್ತು!

ತಿಳಿದುಕೊಳ್ಳೋಣವೆಂದು ಒಂದು ಗುಂಪಿಗೆ ಹೋದಳು. ಇವಳು ಪುಟ ಹುಡುಕುವಷ್ಟರಲ್ಲಿ ಅವರು ಎರಡು ಅಧ್ಯಾಯ ದಾಟಿರುತ್ತಿದ್ದರು. ಇನ್ನೊಂದು ಗುಂಪಿನಲ್ಲಿ ಹದಿನಾರನೇ ವಚನ ಅಂದಾಗ, ಅದು ಅಧ್ಯಾಯದೊಳಗಿನ ಸಾಲಿನ ಸಂಖ್ಯೆಯೆಂದು ತಿಳಿಯದೆ, ಹದಿನಾರನೇ ಪುಟ ತೆಗೆದು ಕೂತಿದ್ದಳು. ಅಲ್ಲಿ ಎದ್ದ ನಗು ಇನ್ನೂ ಕಿವಿಯಲ್ಲಿತ್ತು. ಇದು ಮೂರನೆಯದು. ಇಲ್ಲೂ ಆಗದಿದ್ದರೆ ಈ ಆಸೆಯನ್ನೇ ಬಿಟ್ಟುಬಿಡುವುದು ಎಂದುಕೊಂಡು, ಅವರು ಯೋಬನ ಪುಸ್ತಕ ಶುರುಮಾಡಿದ ಎರಡನೇ ವಾರದಲ್ಲಿ, ಲಾಂಡ್ರಿಯ ಮೇಲಿನ ಈ ಕೋಣೆಯ ಮೆಟ್ಟಿಲು ಹತ್ತಿದ್ದಳು. ಕೆಳಗಿನ ಯಂತ್ರಗಳ ಬಿಸಿಗೆ ನೆಲ ಬೆಚ್ಚಗಿತ್ತು. ಸೋಪಿನ ಘಮ ಕೋಣೆಯ ತುಂಬಾ.

ಪ್ರತಿ ಶನಿವಾರ ನಾಲ್ಕು ಗಂಟೆಗೆ ಪ್ಲಂಬರ್ ಕೇಳುತ್ತಿದ್ದ, ಇವಳು ಕಲಿಯುತ್ತಿದ್ದಳು. ಮೂರನೇ ವಾರಕ್ಕೆ ತಾನೂ ಕೇಳಿದಳು. ಐದನೇ ವಾರ ವಾದ ಮಾಡಿದಳು!

ಮುಗಿದ ಮೇಲೆ ಬಸ್ ಸ್ಟಾಪಿನವರೆಗೆ ಇಬ್ಬರೂ ನಡೆಯುತ್ತಿದ್ದರು. ಅಲ್ಲೂ ಅವನದು ಪ್ರಶ್ನೆಯೇ.

"ಸಮಾಧಾನ ಹೇಳೋಕೆ ಬಂದ ಆ ಸ್ನೇಹಿತರು ಯೋಬನನ್ನ ಅಷ್ಟು ಬೈತಾರಲ್ಲ, ಶತ್ರುಗಳೇ ವಾಸಿ ಅಲ್ವಾ?"

"ಬೈಯೋಕೆ ಮುಂಚೆ ಏನ್ ಮಾಡಿದ್ರು ನೋಡಿದ್ರಾ? ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ರು," ಎಂದಳು. "ಅಂಗಡಿಗೆ ಬರೋರಿಗೆ ದೃಷ್ಟಿ ಇನ್ನು ಬರಲ್ಲ ಅಂತ ಗೊತ್ತಾದಾಗ ಅಲ್ಲಿ ಕಣ್ಣು ನೋಡೋ ನಮ್ಮ ಡಾಕ್ಟ್ರು ಏನೂ ಹೇಳಲ್ಲ. ಪಕ್ಕದಲ್ಲಿ ಕೂತ್ಕೋತಾರೆ ಅಷ್ಟೇ. ಅದು ಸುಲಭ ಅಲ್ಲ ರೀ."

ಅವನು ನಡಿಗೆ ನಿಲ್ಲಿಸಿದ. ಬಸ್ಸು ಬಂತು, ಹೋಯಿತು. ಇಬ್ಬರೂ ಹತ್ತಲಿಲ್ಲ.

ಆ ದಿನ ಅಜ್ಜಿ ಕಿವಿಯಿಂದಲೇ ಎಲ್ಲ ಕಂಡುಹಿಡಿದಳು. "ಏನೇ, ಓದೋ ದನಿಯಲ್ಲೇ ನಗ್ತಿದ್ದೀಯ? ಯೋಬನ ಕಥೆಯಲ್ಲಿ ನಗೋದೇನಿದೆ?"

"ಸುಮ್ನಿರಜ್ಜಿ!"

ಎಂಟನೇ ವಾರ, ಹಿಂದೆ ಇದೇ ಗುಂಪಿನಲ್ಲಿದ್ದ ಮುದುಕರೊಬ್ಬರು ಕೋಲೂರಿಕೊಂಡು ಗುಂಪನ್ನು ನೋಡಲು ಬಂದರು. ಬಂದವರೇ ಪ್ಲಂಬರನ ಬೆನ್ನು ತಟ್ಟಿದರು.

"ಏನಯ್ಯಾ ಗುರುವೇ! ಎರಡು ವರ್ಷ ನಮಗೆಲ್ಲ ಯೋಬನನ್ನ ಅರೆದು ಕುಡಿಸಿದವನು ನೀನು... ಈಗಲೂ ಪುಸ್ತಕ ಮುಚ್ಚಿಟ್ಟೇ ಬಾಯಿಪಾಠ ಹೇಳ್ತೀಯಾ?"

ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು.

ಇವನಿಗೆ... ಎಲ್ಲಾ ಗೊತ್ತಿತ್ತು. ಬಸ್ ಸ್ಟಾಪಿನಲ್ಲಿ ಕೈಬೀಸಿಕೊಂಡು ನಾನು ಇವನಿಗೆ ಪಾಠ ಮಾಡ್ತಿದ್ದೆ! ಒಳಗೊಳಗೇ ಎಷ್ಟು ನಕ್ಕಿರಬೇಕು...

"ನೋಡಿ, ನಾನು..." ಅವನು ಎದ್ದುನಿಂತ.

"ಚೆನ್ನಾಗಿತ್ತು ರೀ ನಿಮ್ಮ ನಾಟಕ," ಎಂದವಳೇ ಮೆಟ್ಟಿಲಿಳಿದು ಹೊರಟಳು.

ಮುಂದಿನ ಶನಿವಾರ ಹೋಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅಜ್ಜಿಯ ಪ್ರಶ್ನೆಗಳಿಗೆ "ಗೊತ್ತಿಲ್ಲ" ಎಂದು ಪುಟ ಮಗುಚಿದಳು.

ಆಮೇಲೆ ಒಂದು ದಿನ ಟೀಚರಮ್ಮ ಅಂಗಡಿಗೇ ಬಂದರು. ಸಡಿಲಾದ ಕನ್ನಡಕವನ್ನು ಮೇಜಿನ ಮೇಲಿಟ್ಟು, "ಇದರ ಸ್ಕ್ರೂ ಬಿಗಿ ಮಾಡು, ಅಷ್ಟರಲ್ಲಿ ನಿನ್ನ ತಲೆಯದು ನಾನು ಬಿಗಿ ಮಾಡ್ತೀನಿ" ಎಂದರು.

ಅವಳಿಗೆ ನಗು ಬಂತು, ತಡೆದುಕೊಂಡಳು.

"ನಮ್ಮಲ್ಲಿ ಒಂದು ಪದ್ಧತಿ ಇದೆ ಕಣಮ್ಮ. ಹೆಚ್ಚು ಓದಿದವರು ಬಾಯಿಬಿಟ್ರೆ ಹೊಸಬರ ಬಾಯಿ ಮುಚ್ಚಿಹೋಗುತ್ತೆ. ಅದಕ್ಕೆ ಒಂದೊಂದು ಪುಸ್ತಕಕ್ಕೂ ಒಬ್ಬ ಹಳಬರಿಗೆ ಪ್ರಶ್ನೆ ಕೇಳೋ ಪಾಳಿ. ಉತ್ತರ ಹೇಳೋ ಹಾಗಿಲ್ಲ, ಹೊಸಬರಿಗೆ ಬರೋ ಅನುಮಾನಗಳನ್ನ ಕೇಳ್ಬೇಕು ಅಷ್ಟೇ. ಮೊದಲ ವಾರವೇ ಎಲ್ರಿಗೂ ಹೇಳಿದ್ದೆ. ನೀನು ಬಂದಿದ್ದು ಎರಡನೇ ವಾರ. ನಿನಗೆ ಹೇಳೋದು ನಾನೇ ಮರೆತೆ. ತಪ್ಪು ನಂದು."

ಸ್ಕ್ರೂ ಅವಳ ಬೆರಳಿನಿಂದ ಜಾರಿತು.

"ಹಾಗಾದ್ರೆ... ಬಸ್ ಸ್ಟಾಪಿನಲ್ಲೂ ಕೇಳ್ಬೇಕು ಅಂತ ಪದ್ಧತಿನಾ?"

ಟೀಚರಮ್ಮ ಬರಿಗಣ್ಣನ್ನು ಕಿರಿದು ಮಾಡಿ ನಕ್ಕರು. "ನನ್ನ ಪದ್ಧತಿ ಮೇಲಿನ ಕೋಣೆಗೆ ಮಾತ್ರ. ರಸ್ತೆಯಲ್ಲಿ ಯಾಕೆ ಕೇಳ್ದ ಅಂತ ಅವನನ್ನೇ ಕೇಳು."

ಶನಿವಾರ ಮೂರೂವರೆಗೇ ಅವಳು ಲಾಂಡ್ರಿಗೆ ಹೋದಳು. ಅವನು ಕೆಳಗೆ ಒಂದು ಯಂತ್ರದ ಹಿಂದೆ ಮಂಡಿಯೂರಿ ಸೋರುವ ಪೈಪು ಬಿಗಿಯುತ್ತಿದ್ದ. ತೋಳೆಲ್ಲ ಒದ್ದೆ. ಇವಳನ್ನು ಕಂಡು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡುವುದನ್ನೇ ಮರೆತ.

"ಪಾಳಿ ವಿಷಯ ಗೊತ್ತಾಯ್ತು," ಎಂದಳು. "ಬಸ್ ಸ್ಟಾಪಿನದು ಗೊತ್ತಾಗ್ಲಿಲ್ಲ."

ಅವನು ತಲೆ ತಗ್ಗಿಸಿದ. "ನಿಮಗೆ ಈ ಪದ್ಧತಿ ಗೊತ್ತಿಲ್ಲ ಅಂತ ನಾಲ್ಕನೇ ವಾರವೇ ನನಗೆ ಅನುಮಾನ ಬಂತು. ಹೇಳ್ಬೇಕಿತ್ತು. ಹೇಳಿದ್ರೆ ನೀವು ನನಗೆ ವಿವರಿಸೋದು ನಿಲ್ಲಿಸ್ಬಿಡ್ತೀರಿ ಅಂತ... ಹೆದರಿದೆ."

"ನಗ್ತಿದ್ರಾ?"

"ನಗೋದಾ! ಆ ಸ್ನೇಹಿತರು ದಡ್ಡರು ಅಂತ ಎರಡು ವರ್ಷ ಪಾಠ ಮಾಡಿದೀನಿ ರೀ. ಆ ಏಳು ದಿನ ನನ್ನ ಕಣ್ಣಿಗೆ ಬಿದ್ದೇ ಇರ್ಲಿಲ್ಲ. ನೀವು ಹೇಳಿದ್ಮೇಲೆ ಮನೆಗೆ ಹೋಗಿ ಮೊದಲಿಂದ ಓದ್ದೆ. ಬಾಯಿಪಾಠ ಬರೋದು ಬೇರೆ, ಗೊತ್ತಿರೋದು ಬೇರೆ."

ಮೂರು ವಾರದಿಂದ ಅವಳ ಎದೆಯ ಮೇಲೆ ಕೂತಿದ್ದ ಭಾರ ಮೆಲ್ಲಗೆ ಕರಗಿಹೋಯಿತು.

"ಇನ್ಮೇಲೆ ಗೊತ್ತಿರೋದನ್ನ ನನ್ನ ಹತ್ರ ಕೇಳ್ಬಾರ್ದು," ಎಂದಳು.

"ಕೇಳಲ್ಲ. ಗೊತ್ತಿಲ್ಲದ್ದು ಒಂದಿದೆ... ಕೇಳ್ಲಾ?"

"ಕೇಳಿ."

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. ಸಂಕೋಚವೇ ಅರಿಯದ ಆ ಮುಖ ಕಿವಿಯವರೆಗೆ ಕೆಂಪಾಯಿತು.

"ನಮ್ಮ... ನಮ್ಮಿಬ್ಬರ ಮದುವೆ ವಿಷಯ ಅಜ್ಜಿ ಹತ್ರ ಮಾತಾಡೋಕೆ ನಾಳೆ ಮನೆಗೆ ಬರ್ಲಾ?"

ಅವಳು ಬೇಕೆಂದೇ ಗಂಭೀರ ಮುಖ ಮಾಡಿದಳು.

"ಅಜ್ಜಿ ತುಂಬಾ ಪ್ರಶ್ನೆ ಕೇಳ್ತಾಳೆ."

"ಕೇಳ್ಲಿ ಬಿಡಿ. ನೀವು ಪಕ್ಕದಲ್ಲಿ ಕೂತಿರ್ತೀರಲ್ವಾ?"

"ಹ್ಞೂಂ," ಎಂದಳು. "ಕೂತಿರ್ತೀನಿ."